ಒಂದೇ ಜಿಲ್ಲೆ, ಹಲವು ಅಧ್ಯಯನ: ವೃದ್ಧಾಪ್ಯದ ಸಂಶೋಧಕರು ಒಂದುಗೂಡುವುದು ಹೇಗೆ?

ಪ್ರಶ್ನೆ: ನಾನು ಕುಮಟಾದ ಕಾಲೇಜೊಂದರಲ್ಲಿ ಸಮಾಜಶಾಸ್ತ್ರ ಉಪನ್ಯಾಸಕಿ. ಮಕ್ಕಳೆಲ್ಲ ಬೆಂಗಳೂರು, ಮುಂಬೈ ಸೇರಿ ವಯಸ್ಸಾದ ದಂಪತಿ ಮಾತ್ರ ಉಳಿದಿರುವ ಮನೆಗಳ ಬಗ್ಗೆ ಪಿಎಚ್‌.ಡಿ. ಅಧ್ಯಯನ ನಡೆಸುತ್ತಿದ್ದೇನೆ. ಕಾರವಾರದ ವೈದ್ಯರೊಬ್ಬರು ವೃದ್ಧರು ಜಾರಿ ಬೀಳುವುದರ ಕುರಿತು, ಶಿರಸಿಯ ಫಿಸಿಯೋಥೆರಪಿಸ್ಟ್ ಒಬ್ಬರು ಅಡಿಕೆ ತೋಟದ ಕೆಲಸಗಾರರ ಮೊಣಕಾಲು ನೋವಿನ ಕುರಿತು ಅಧ್ಯಯನ ಮಾಡುತ್ತಿರುವುದು ಇತ್ತೀಚೆಗಷ್ಟೇ ತಿಳಿಯಿತು. ಉತ್ತರ ಕನ್ನಡ ಜಿಲ್ಲೆಯ ಕರಾವಳಿ ಮತ್ತು ಘಟ್ಟದ ಮೇಲಿನ ತಾಲ್ಲೂಕುಗಳಲ್ಲಿ ಇಂಥ ಕೆಲಸ ಮಾಡುವವರ ಒಂದು ಜಾಲ ಕಟ್ಟಬೇಕೆಂದಿದ್ದೇವೆ. ಇದರಿಂದ ನಿಜಕ್ಕೂ ಪ್ರಯೋಜನವಿದೆಯೇ? ಮೊದಲು ಒಂದು ದೊಡ್ಡ ವಿಚಾರ ಸಂಕಿರಣ ಏರ್ಪಡಿಸಬೇಕೆಂಬ ಸಲಹೆ ಬಂದಿದೆ, ಅದು ಸರಿಯೇ?

ಉತ್ತರ: ಪ್ರಯೋಜನ ಖಂಡಿತವಾಗಿ ಇದೆ. ಆದರೆ ವಿಚಾರ ಸಂಕಿರಣದಿಂದ ಆರಂಭಿಸಬೇಡಿ. ನೀವು ಮೂವರು ಒಂದೆಡೆ ಕುಳಿತು, ಮೂರು ಅಧ್ಯಯನಗಳಲ್ಲಿಯೂ ಒಂದೇ ರೀತಿ ಕೇಳಬೇಕಾದ ಹತ್ತಿಪ್ಪತ್ತು ಪ್ರಶ್ನೆಗಳನ್ನು ಒಪ್ಪಿಕೊಂಡ ದಿನವೇ ಜಾಲ ಹುಟ್ಟಿತೆಂದು ತಿಳಿಯಿರಿ. ಅಧ್ಯಕ್ಷರ ಆಯ್ಕೆ, ಲಾಂಛನ, ಉದ್ಘಾಟನೆಗಳೆಲ್ಲ ಅದರ ನಂತರ ಬಂದರೂ ನಡೆಯುತ್ತದೆ, ಬಾರದಿದ್ದರೂ ನಡೆಯುತ್ತದೆ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ದೇಶದಲ್ಲಿ ವೃದ್ಧಾಪ್ಯದ ಕುರಿತು ನಮಗಿರುವ ಅತಿ ವಿಸ್ತಾರವಾದ ಆಧಾರವೆಂದರೆ ‘ಲಾಸಿ’ ಎಂದು ಕರೆಯಲಾಗುವ ಭಾರತದ ದೀರ್ಘಾವಧಿ ವೃದ್ಧಾಪ್ಯ ಅಧ್ಯಯನ. ಮುಂಬೈನ ಅಂತರರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆಯು ಹಾರ್ವರ್ಡ್ ಮತ್ತು ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಗಳ ಜೊತೆಗೂಡಿ 2017–18ರಲ್ಲಿ ಇದರ ಮೊದಲ ಸುತ್ತನ್ನು ನಡೆಸಿತು. 45 ವರ್ಷ ದಾಟಿದವರು ಮತ್ತು ಅವರ ಸಂಗಾತಿಗಳು ಸೇರಿ 72,000ಕ್ಕೂ ಹೆಚ್ಚು ಜನರನ್ನು ಅದು ಮಾತನಾಡಿಸಿದೆ. ಆದರೂ ಅದರ ವಿನ್ಯಾಸ ರಾಜ್ಯಮಟ್ಟದ ಚಿತ್ರ ಕೊಡುವಂಥದ್ದೇ ಹೊರತು ಒಂದು ಜಿಲ್ಲೆಯದ್ದಲ್ಲ. ಅದಕ್ಕೂ ಮೊದಲು 2011ರಲ್ಲಿ ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿಯ ಬೆಂಬಲದಿಂದ ವೃದ್ಧರ ಬಗ್ಗೆ ಏಳು ರಾಜ್ಯಗಳ ಸಮೀಕ್ಷೆ ನಡೆದಿತ್ತು. ಬೆಂಗಳೂರಿನ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ ಅದರಲ್ಲಿ ಪಾಲುದಾರನಾಗಿದ್ದರೂ ಆ ಏಳರಲ್ಲಿ ಕರ್ನಾಟಕ ಇರಲಿಲ್ಲ. 2011ರ ಜನಗಣತಿಯಂತೆ ಉತ್ತರ ಕನ್ನಡದ ಜನಸಂಖ್ಯೆ 14.37 ಲಕ್ಷ. ರಾಜ್ಯದ ಜನಸಂಖ್ಯೆಯಲ್ಲಿ 60 ದಾಟಿದವರ ಪಾಲು ಆಗ ಸುಮಾರು ಶೇ 9.5 ಇದ್ದು, ಅದೇ ಪ್ರಮಾಣ ಇಲ್ಲಿಯೂ ಇತ್ತೆಂದು ಲೆಕ್ಕ ಹಾಕಿದರೂ ಒಂದೂಕಾಲು ಲಕ್ಷಕ್ಕೂ ಮಿಕ್ಕ ಹಿರಿಯರು ಈ ಜಿಲ್ಲೆಯಲ್ಲಿದ್ದರು. ಅವರ ನಡಿಗೆ, ನೆನಪು, ಒಂಟಿತನ, ಖರ್ಚುವೆಚ್ಚಗಳ ಬಗ್ಗೆ ಜಿಲ್ಲೆಯ ಮಟ್ಟದಲ್ಲಿ ಏನನ್ನಾದರೂ ಖಚಿತವಾಗಿ ಹೇಳಬೇಕಾದರೆ ಅದನ್ನು ನಿಮ್ಮಂಥವರೇ ಸಂಗ್ರಹಿಸಬೇಕು.

ರಾಜ್ಯದೊಳಗೆ ಒಳ್ಳೆಯ ಕೆಲಸ ನಡೆಯುತ್ತಿಲ್ಲವೆಂದಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರವು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದವರನ್ನು ವರ್ಷಗಳ ಕಾಲ ಹಿಂಬಾಲಿಸುವ ಅಧ್ಯಯನ ನಡೆಸುತ್ತಿದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಜೋಪಾನವಾಗಿ ಇಟ್ಟಿದ್ದ ಹೆರಿಗೆ ದಾಖಲೆಗಳನ್ನು ಆಧರಿಸಿ, ಹುಟ್ಟಿದಾಗಿನ ತೂಕಕ್ಕೂ ಮುಂದಿನ ಕಾಯಿಲೆಗಳಿಗೂ ಇರುವ ನಂಟನ್ನು ಸಂಶೋಧಕರು ಪರಿಶೀಲಿಸಿದ್ದಾರೆ. ಅಂಥ ದಾಖಲೆ ಜಗತ್ತಿನಲ್ಲಿಯೇ ವಿರಳ. ಇವರ ಅನುಭವದಿಂದ ನೀವು ಕಲಿಯಬೇಕು. ಆದರೆ ಕೋಲಾರದ ಬಯಲುಸೀಮೆಯ ರೈತನ ವೃದ್ಧಾಪ್ಯವೂ, ನಲವತ್ತು ವರ್ಷ ಮೀನಿನ ಬುಟ್ಟಿ ಹೊತ್ತು ಮಾರಿದ ಖಾರ್ವಿ ಮಹಿಳೆಯ ವೃದ್ಧಾಪ್ಯವೂ, ಅಡಿಕೆ ಕೊನೆ ಕೊಯ್ಯಲು ಮರ ಹತ್ತುವುದನ್ನು ಬಿಟ್ಟ ಕೊನೆಗೌಡನ ವೃದ್ಧಾಪ್ಯವೂ ಒಂದೇ ಅಲ್ಲ.

ಜಾಲವೊಂದು ಏನು ಮಾಡಬಲ್ಲದು ಎಂಬುದಕ್ಕೆ ನಮ್ಮ ನೆರೆಯಲ್ಲಿಯೇ ಹುಟ್ಟಿದ ನಿದರ್ಶನವಿದೆ. 1998ರಲ್ಲಿ ಕೊಚ್ಚಿಯಲ್ಲಿ ಸೇರಿದ ಕೆಲವು ಸಂಶೋಧಕರು ‘10/66’ ಎಂಬ ಬಳಗವನ್ನು ಆರಂಭಿಸಿದರು. ಡಿಮೆನ್ಷಿಯಾ (ಮರೆವಿನ ಕಾಯಿಲೆ) ಇರುವವರಲ್ಲಿ ಶೇ 66ರಷ್ಟು ಜನ ಅಭಿವೃದ್ಧಿಶೀಲ ದೇಶಗಳಲ್ಲಿದ್ದರೂ ಜನಸಮುದಾಯ ಆಧಾರಿತ ಸಂಶೋಧನೆಯ ಶೇ 10ಕ್ಕಿಂತ ಕಡಿಮೆ ಭಾಗ ಮಾತ್ರ ಅಲ್ಲಿ ನಡೆಯುತ್ತಿದೆ ಎಂಬ ಕೊರತೆಯನ್ನೇ ಅವರು ಹೆಸರಾಗಿಸಿಕೊಂಡರು. ಶಾಲೆಯ ಮೆಟ್ಟಿಲು ಹತ್ತದವರನ್ನು ತಪ್ಪಾಗಿ ರೋಗಿಗಳೆಂದು ಗುರುತಿಸದ ಒಂದು ಸಮಾನ ಪರೀಕ್ಷಾ ವಿಧಾನವನ್ನು ಹಲವು ದೇಶಗಳಲ್ಲಿ ಒರೆಗೆ ಹಚ್ಚಿ ಸಿದ್ಧಪಡಿಸಿದ್ದು ಅವರ ಆರಂಭದ ದೊಡ್ಡ ಕೆಲಸ. ಚೆನ್ನೈ ಮತ್ತು ವೆಲ್ಲೂರು ಸೇರಿದಂತೆ ಹಲವೆಡೆ ಸಮುದಾಯದ ಮಟ್ಟದಲ್ಲಿ ನಡೆದ ಅಧ್ಯಯನಗಳು ಆ ತಳಹದಿಯ ಮೇಲೆಯೇ ನಿಂತವು.

ಅಳತೆಯನ್ನು ಒಪ್ಪಿಕೊಳ್ಳುವುದು ಸುಲಭವಲ್ಲ ಎಂಬುದಕ್ಕೆ ನಿಮ್ಮ ಕಾರವಾರದ ವೈದ್ಯರ ವಿಷಯವನ್ನೇ ತೆಗೆದುಕೊಳ್ಳಿ. ‘ಬಿದ್ದಿದ್ದೀರಾ?’ ಎಂದು ಕೇಳಿದರೆ ಸಾಲದು. ಹಾವಸೆ ಕಟ್ಟಿದ ಅಂಗಳದಲ್ಲಿ ಜಾರಿ, ಗೋಡೆ ಹಿಡಿದು ನಿಂತವರನ್ನು ಲೆಕ್ಕಕ್ಕೆ ಸೇರಿಸುತ್ತೀರಾ? ಕಳೆದ ಮೂರು ತಿಂಗಳ ಸಂಗತಿ ಕೇಳುತ್ತೀರಾ, ಹನ್ನೆರಡು ತಿಂಗಳದ್ದೇ? ಕಾರವಾರದವರು ಸೆಪ್ಟೆಂಬರ್‌ನಲ್ಲಿ, ಶಿರಸಿಯವರು ಮಾರ್ಚ್‌ನಲ್ಲಿ ಮೂರು ತಿಂಗಳ ನೆನಪನ್ನು ಕೇಳಿದರೆ ಒಂದು ಲೆಕ್ಕದಲ್ಲಿ ಇಡೀ ಮಳೆಗಾಲವಿರುತ್ತದೆ, ಇನ್ನೊಂದರಲ್ಲಿ ಒಂದು ಹನಿಯೂ ಇರುವುದಿಲ್ಲ. ಆ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ಕರಾವಳಿಯವರು ಹೆಚ್ಚು ಬೀಳುತ್ತಾರೆಂದು ಬರೆದರೆ ಅದು ಸುಳ್ಳಾಗುತ್ತದೆ. ಒಂದೇ ಮಾಲನ್ನು ಒಬ್ಬರು ರಾಶಿಯೆಂದೂ ಇನ್ನೊಬ್ಬರು ಬೆಟ್ಟೆಯೆಂದೂ ಬರೆದುಕೊಂಡರೆ ಶಿರಸಿ ಪೇಟೆಯಲ್ಲಿ ಅಡಿಕೆಯ ಧಾರಣೆ ಹೇಳಲು ಸಾಧ್ಯವೇ? ಇಲ್ಲಿಯೂ ಹಾಗೆಯೇ.

ದಿನನಿತ್ಯದ ಸಾಮರ್ಥ್ಯವನ್ನು ಅಳೆಯುವ ಸಿದ್ಧ ಪ್ರಶ್ನಾವಳಿಗಳಲ್ಲಿ ಇದೇ ತೊಡಕು ಇನ್ನೊಂದು ರೂಪದಲ್ಲಿ ಎದುರಾಗುತ್ತದೆ. ‘ಅಡುಗೆ ಮಾಡಬಲ್ಲಿರಾ?’ ಎಂಬ ಪ್ರಶ್ನೆಗೆ ಜೀವನದಲ್ಲಿ ಒಮ್ಮೆಯೂ ಒಲೆ ಹಚ್ಚದ ಅಜ್ಜ ‘ಇಲ್ಲ’ ಎನ್ನುತ್ತಾರೆ. ಅದು ವಯಸ್ಸಿನಿಂದ ಬಂದ ಅಸಾಮರ್ಥ್ಯವಲ್ಲ. ಬ್ಯಾಂಕಿನ ವ್ಯವಹಾರ ಕೇಳಿದರೆ ಅನೇಕ ಅಜ್ಜಿಯರ ಉತ್ತರವೂ ಅದೇ. ಆದ್ದರಿಂದ ‘ಈಗ ಆಗುವುದಿಲ್ಲ’ ಮತ್ತು ‘ಎಂದೂ ಮಾಡಿದ್ದಿಲ್ಲ’ ಎಂಬ ಎರಡು ಉತ್ತರಗಳಿಗೆ ಬೇರೆ ಬೇರೆ ಜಾಗವಿರಬೇಕು. ಮಹಡಿ ಮೆಟ್ಟಿಲಿನ ಪ್ರಶ್ನೆಯ ಬದಲು, ಕಣಿವೆಯ ತೋಟದ ಮನೆಯಿಂದ ಬಸ್ಸು ಬರುವ ರಸ್ತೆಯ ತನಕ ನಿಲ್ಲದೆ ಹತ್ತಿ ಬರಬಲ್ಲರೇ ಎಂದು ಸಿದ್ದಾಪುರದಲ್ಲಿ ಕೇಳುವುದು ಹೆಚ್ಚು ಅರ್ಥಪೂರ್ಣ. ಆದರೆ ಮೂಲ ಪ್ರಶ್ನೆಯನ್ನು ಕೈಬಿಡದೆ ಇದನ್ನು ಹೆಚ್ಚುವರಿಯಾಗಿ ಸೇರಿಸಿ, ಇಲ್ಲವಾದರೆ ಹೊರಗಿನವರೊಂದಿಗೆ ಹೋಲಿಕೆ ತಪ್ಪಿಹೋಗುತ್ತದೆ.

ಭಾಷೆಯ ವಿಷಯದಲ್ಲಿ ನಿಮ್ಮ ಜಿಲ್ಲೆಯ ಜವಾಬ್ದಾರಿ ದೊಡ್ಡದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ನೆನಪು ಮತ್ತು ಗ್ರಹಣಶಕ್ತಿಯ ಪರೀಕ್ಷೆಗಳನ್ನು ಮೊದಲು ಐದು ಭಾಷೆಗಳಲ್ಲಿ ಸಿದ್ಧಪಡಿಸಿತು. ಹಿಂದಿ, ಬಂಗಾಳಿ, ತೆಲುಗು, ಮಲಯಾಳಂಗಳ ಜೊತೆ ಕನ್ನಡವೂ ಇರುವುದು ನಮ್ಮ ಭಾಗ್ಯ. ಆ ಐದರಲ್ಲಿ ಕೊಂಕಣಿ ಇಲ್ಲ. ಮನೆಯಲ್ಲಿ ಕೊಂಕಣಿಯನ್ನೋ ಭಟ್ಕಳದ ನವಾಯತಿಯನ್ನೋ ಆಡುತ್ತ ಬಂದ ಹಿರಿಯರನ್ನು ಪುಸ್ತಕದ ಕನ್ನಡದಲ್ಲಿ ಪರೀಕ್ಷಿಸಿ ಕಡಿಮೆ ಅಂಕ ಕೊಟ್ಟರೆ ಅಳೆದದ್ದು ನೆನಪನ್ನಲ್ಲ. ಹೀಗಾಗಿ ನಿಮ್ಮ ಜಾಲದಲ್ಲಿ ವೈದ್ಯರಷ್ಟೇ ಅಲ್ಲ, ಭಾಷಾ ಅಧ್ಯಾಪಕರೂ ಆಶಾ ಕಾರ್ಯಕರ್ತೆಯರೂ ಇರಬೇಕು. ಪ್ರಶ್ನೆಗಳನ್ನು ಮೊದಲೇ ಓದಿ ಅಭಿಪ್ರಾಯ ಹೇಳುವ ನಾಲ್ಕಾರು ಮಂದಿ ಹಿರಿಯರೂ ಇರಬೇಕೆಂಬುದು ನನ್ನ ದೃಢ ಅಭಿಪ್ರಾಯ.

ಆರಂಭಕ್ಕೆ ಹೊಸದಾಗಿ ಏನನ್ನೂ ಕಂಡುಹಿಡಿಯಬೇಕಾಗಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯು ಹಿರಿಯರ ಸಮಗ್ರ ಆರೈಕೆಗಾಗಿ ರೂಪಿಸಿದ ತಪಾಸಣೆಯು ನೆನಪು, ಚಲನೆ, ಪೋಷಣೆ, ದೃಷ್ಟಿ, ಶ್ರವಣ, ಮನಃಸ್ಥಿತಿ ಎಂಬ ಆರನ್ನು ಸರಳವಾಗಿ ಪರಿಶೀಲಿಸುತ್ತದೆ. ಉದಾಹರಣೆಗೆ, ಕೈಯ ಆಸರೆಯಿಲ್ಲದೆ ಕುರ್ಚಿಯಿಂದ ಐದು ಬಾರಿ ಏಳಲು 14 ಸೆಕೆಂಡ್‌ಗಿಂತ ಹೆಚ್ಚು ಬೇಕಾದರೆ ಮುಂದಿನ ಪರೀಕ್ಷೆ ಅಗತ್ಯ. ಇದಕ್ಕೆ ಬೇಕಾದದ್ದು ಗಟ್ಟಿಯಾದ ಒಂದು ಕುರ್ಚಿ ಮತ್ತು ಒಂದು ಗಡಿಯಾರ. ಇದರ ಜೊತೆಗೆ ಲಾಸಿಯ ಪ್ರಶ್ನಾವಳಿಯಿಂದ ಕುಟುಂಬ, ದುಡಿಮೆ, ಆದಾಯಗಳ ಕೆಲವು ಪ್ರಶ್ನೆಗಳನ್ನು ಯಥಾವತ್ತಾಗಿ ತೆಗೆದುಕೊಂಡರೆ ನಿಮ್ಮ ಅಂಕಿಗಳನ್ನು ರಾಜ್ಯದ ಅಂಕಿಗಳೊಂದಿಗೆ ಹೋಲಿಸಬಹುದು.

ಆಡಳಿತದ ವಿಷಯಗಳನ್ನು ಚುಟುಕಾಗಿ ಹೇಳುತ್ತೇನೆ. ನೋಂದಾಯಿತ ನೈತಿಕ ಸಮಿತಿಯಿರುವ ವೈದ್ಯಕೀಯ ಕಾಲೇಜೊಂದು ಜೊತೆಗಿದ್ದರೆ ಅನುಮತಿಯ ದಾರಿ ಸಲೀಸಾಗುತ್ತದೆ. ಜಿಲ್ಲೆಯಲ್ಲಿ ಕಾರವಾರ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಇರುವುದರಿಂದ ಮೊದಲು ಅಲ್ಲಿ ವಿಚಾರಿಸಿ. ವಿದೇಶಿ ಸಂಸ್ಥೆ ಕೈಜೋಡಿಸಿದರೆ ಕೇಂದ್ರ ಆರೋಗ್ಯ ಸಚಿವಾಲಯದ ಪರಿಶೀಲನಾ ಸಮಿತಿಯ ಒಪ್ಪಿಗೆಯೂ ಬೇಕು. ದತ್ತಾಂಶ ಯಾರ ವಶದಲ್ಲಿರುತ್ತದೆ, ಯಾರು ಬಳಸಬಹುದು, ಲೇಖನದಲ್ಲಿ ಯಾರ ಹೆಸರು ಯಾವ ಕ್ರಮದಲ್ಲಿ ಬರುತ್ತದೆ ಎಂಬುದನ್ನು ಮೊದಲ ಮನೆಯ ಬಾಗಿಲು ತಟ್ಟುವ ಮುನ್ನವೇ ಬರೆದು ಸಹಿ ಹಾಕಿ. ಅನೇಕ ಸ್ನೇಹಗಳು ಮುರಿಯುವುದು ಇಲ್ಲಿಯೇ. ಸಭೆಗಳನ್ನು ಮಳೆಗಾಲದಲ್ಲಿ ಆನ್‌ಲೈನ್‌ನಲ್ಲಿ, ಉಳಿದ ತಿಂಗಳುಗಳಲ್ಲಿ ಒಮ್ಮೆ ಘಟ್ಟದ ಮೇಲೆ, ಒಮ್ಮೆ ಕೆಳಗೆ ನಡೆಸುವುದು ಒಳ್ಳೆಯದು.

ಎಲ್ಲಕ್ಕಿಂತ ಮುಖ್ಯವಾಗಿ, ಒಮ್ಮೆ ಹೋದ ಮನೆಗೆ ಎರಡು ವರ್ಷದ ನಂತರ ಮತ್ತೆ ಹೋಗುವ ವ್ಯವಸ್ಥೆ ಮಾಡಿಕೊಳ್ಳಿ. 60 ವರ್ಷದವರನ್ನೂ 80 ವರ್ಷದವರನ್ನೂ ಒಂದೇ ದಿನ ನೋಡಿ ಅವರ ನಡುವಿನ ವ್ಯತ್ಯಾಸವನ್ನೆಲ್ಲ ವೃದ್ಧಾಪ್ಯದ ಪರಿಣಾಮವೆನ್ನಲಾಗದು. ಅವರು ಬೆಳೆದ ಕಾಲ, ಉಂಡ ಊಟ, ಕಲಿತ ಶಾಲೆಗಳೇ ಬೇರೆ. ಅದೇ ವ್ಯಕ್ತಿಯನ್ನು ಮತ್ತೆ ಕಂಡಾಗ ಮಾತ್ರ ಏನು ಬದಲಾಯಿತೆಂಬುದು ತಿಳಿಯುತ್ತದೆ. ಪಿಎಚ್‌.ಡಿ. ಮುಗಿದ ಮೇಲೆ ಒಬ್ಬ ಸಂಶೋಧಕಿಯಿಂದ ಇದು ಆಗದು, ಜಾಲದಿಂದ ಆಗುತ್ತದೆ.

ಪ್ರಶ್ನೆ: ಕಾರವಾರದ ಬಳಿಯ ನಮ್ಮ ಊರಿಗೆ ಬಂದ ತಂಡವೊಂದು 78 ವರ್ಷದ ನನ್ನ ತಾಯಿಯನ್ನು ಎರಡು ತಾಸು ಪ್ರಶ್ನಿಸಿ, ರಕ್ತವನ್ನೂ ತೆಗೆದುಕೊಂಡು ಹೋಯಿತು. ಫಲಿತಾಂಶ ಇಂದಿಗೂ ತಿಳಿದಿಲ್ಲ. ಈಗ ಇನ್ನೊಂದು ತಂಡ ಬರುತ್ತದಂತೆ. ಒಪ್ಪಬೇಕೇ?

ಉತ್ತರ: ನಿಮ್ಮ ಅಸಮಾಧಾನ ನ್ಯಾಯವಾದದ್ದು. ಒಪ್ಪುವುದೂ ಬಿಡುವುದೂ ತಾಯಿಯವರ ಹಕ್ಕು. ಅವರ ಪರವಾಗಿ ಮಗನೂ ನಿರ್ಧರಿಸುವಂತಿಲ್ಲ, ಅವರಿಗೆ ಗ್ರಹಿಸುವ ಶಕ್ತಿ ಇರುವ ತನಕ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ನೈತಿಕ ಮಾರ್ಗಸೂಚಿಯಂತೆ ಅಧ್ಯಯನದ ಉದ್ದೇಶ, ತೊಂದರೆ, ಪ್ರಯೋಜನಗಳನ್ನು ಅವರಿಗೆ ಅರ್ಥವಾಗುವ ಭಾಷೆಯಲ್ಲಿ ವಿವರಿಸಬೇಕು. ಓದು ಬಾರದವರಿಂದ ಹೆಬ್ಬೆಟ್ಟಿನ ಗುರುತು ಪಡೆಯುವಾಗ ತಂಡಕ್ಕೆ ಸೇರದ ನಿಷ್ಪಕ್ಷಪಾತಿ ಸಾಕ್ಷಿಯೊಬ್ಬರು ಇರಬೇಕು. ನಡುವೆ ಯಾವಾಗ ಬೇಕಾದರೂ ಹಿಂದೆ ಸರಿಯಬಹುದು, ಅದರಿಂದ ಅವರ ಚಿಕಿತ್ಸೆಗೆ ಅಡ್ಡಿಯಾಗಬಾರದು. ಮೊದಲಿನ ತಂಡ ಕೊಟ್ಟ ಮಾಹಿತಿ ಪತ್ರ ಮನೆಯಲ್ಲಿದೆಯೇ ಹುಡುಕಿ. ಅದರಲ್ಲಿ ಮುಖ್ಯ ಸಂಶೋಧಕರ ಮತ್ತು ನೈತಿಕ ಸಮಿತಿಯ ಸಂಪರ್ಕ ವಿವರ ಇರಬೇಕು. ಸಂಶೋಧಕರು ಉತ್ತರಿಸದಿದ್ದರೆ ಸಮಿತಿಗೆ ಬರೆಯಿರಿ.

ಹೊಸ ತಂಡವನ್ನು ಮೂರು ಸಂಗತಿ ಕೇಳಿ: ರಕ್ತದ ವರದಿ ಎಷ್ಟು ದಿನಗಳಲ್ಲಿ ಕೈಗೆ ಬರುತ್ತದೆ, ಸಕ್ಕರೆ ಅಥವಾ ರಕ್ತದೊತ್ತಡ ಹೆಚ್ಚಿದ್ದರೆ ಎಲ್ಲಿಗೆ ಕಳಿಸುತ್ತೀರಿ, ದಣಿವಾದರೆ ಎರಡು ದಿನಕ್ಕೆ ಹಂಚಿ ಮಾತನಾಡುತ್ತೀರಾ. ಸರಿಯಾದ ಉತ್ತರ ಬಂದರೆ ತಾಯಿಯವರು ಭಾಗವಹಿಸಲಿ ಎಂದೇ ನನ್ನ ಆಶಯ, ಏಕೆಂದರೆ ಅವರಂಥವರ ಮಾತಿಲ್ಲದೆ ಈ ವಿದ್ಯೆಯೇ ಇಲ್ಲ. ಯಾವ ಹಳ್ಳಿಯಲ್ಲಿ ಯಾರು, ಯಾವಾಗ ಸಮೀಕ್ಷೆ ಮಾಡಿದರು ಎಂಬ ಸಾಮಾನ್ಯ ದಾಖಲೆಯನ್ನು ಮೇಲೆ ಹೇಳಿದ ಜಾಲ ಇಟ್ಟುಕೊಂಡರೆ, ದಾರಿ ಚೆನ್ನಾಗಿರುವ ಅದೇ ನಾಲ್ಕು ಊರುಗಳ ಹಿರಿಯರನ್ನು ಎಲ್ಲರೂ ಮತ್ತೆ ಮತ್ತೆ ದಣಿಸುವುದೂ ತಪ್ಪೀತು, ಜೋಯಿಡಾದ ಒಳಗಿನ ಕುಣಬಿ ಕೇರಿಗಳಿಗೆ ಯಾರೂ ಹೋಗಿಲ್ಲವೆಂಬುದೂ ಕಂಡೀತು.

ಪ್ರಶ್ನೆ: ಹೊನ್ನಾವರದ ಸ್ನಾತಕೋತ್ತರ ವಿದ್ಯಾರ್ಥಿ ನಾನು. ಸಮೀಕ್ಷೆಯಲ್ಲಿ ಹೆಚ್ಚಿನ ಅಜ್ಜ-ಅಜ್ಜಿಯರಿಗೆ ಹುಟ್ಟಿದ ವರ್ಷ ತಿಳಿದಿಲ್ಲ. ಆಧಾರ್‌ನಲ್ಲಿ ಜನವರಿ 1 ಎಂದಿದೆ. ಏನು ಬರೆಯಲಿ?

ಉತ್ತರ: ಇದು ಜನಗಣತಿಗೂ ಇರುವ ತೊಂದರೆ; ಅಂದಾಜಿನಲ್ಲಿ ಹೇಳಿದ ವಯಸ್ಸು 60, 65, 70 ಎಂದು ಸೊನ್ನೆ ಮತ್ತು ಐದರ ಮೇಲೆ ಗುಂಪುಗೂಡುತ್ತದೆ. ಊರಿಗೆ ಹೊಂದುವ ಘಟನೆಗಳ ಪಟ್ಟಿ ಮಾಡಿಕೊಳ್ಳಿ: 1947ರ ಸ್ವಾತಂತ್ರ್ಯ, 1956ರ ನವೆಂಬರ್‌ನಲ್ಲಿ ಜಿಲ್ಲೆ ಮುಂಬಯಿ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಸೇರಿದ್ದು, 1961ರ ಡಿಸೆಂಬರ್‌ನಲ್ಲಿ ಗೋವಾ ವಿಮೋಚನೆ. ಆಗ ಶಾಲೆಗೆ ಹೋಗುತ್ತಿದ್ದಿರಾ, ಮದುವೆಯಾಗಿತ್ತೇ, ಮೊದಲ ಮಗು ಹುಟ್ಟಿತ್ತೇ ಎಂದು ಕೇಳಿ. ಗೋವಾ ವಿಮೋಚನೆಯ ಹೊತ್ತಿಗೆ ಹನ್ನೆರಡರ ಆಸುಪಾಸಿನಲ್ಲಿದ್ದವರು 1949ರ ಹತ್ತಿರ ಹುಟ್ಟಿರುತ್ತಾರೆ. ಮೊದಲ ಮಗುವಿನ ಶಾಲಾ ದಾಖಲೆ ಇದ್ದರೆ ಅದರೊಂದಿಗೆ ತಾಳೆ ನೋಡಿ. ದಾಖಲೆಯ ವಯಸ್ಸು ಪಿಂಚಣಿಯ ಅರ್ಹತೆಗೆ ತಕ್ಕಂತೆ ಬರೆಸಿದ್ದಾಗಿರಬಹುದು. ಹಾಗೆಂದು ಅವರನ್ನು ಪ್ರಶ್ನಿಸಿ ಮುಜುಗರಪಡಿಸಬೇಡಿ. ಕಾರ್ಡಿನಲ್ಲಿರುವುದು, ಅವರು ಹೇಳಿದ್ದು, ನೀವು ಅಂದಾಜಿಸಿದ್ದು ಈ ಮೂರನ್ನೂ ಬೇರೆ ಬೇರೆ ಕಾಲಂನಲ್ಲಿ ಬರೆದುಕೊಳ್ಳಿ, ಮತ್ತು ಪ್ರಬಂಧದಲ್ಲಿ ವಿಶ್ಲೇಷಣೆಗೆ ಯಾವುದನ್ನು ಬಳಸಿದಿರಿ ಎಂಬುದನ್ನು ಕಾರಣಸಹಿತ ತಿಳಿಸಿ.