ಫ್ರಾನ್ಸಿನ ಶಾಲೆಯಲ್ಲಿ ಆಫೀಸಿಗೆ ದಾರಿ ಕೇಳುವುದು ಹೇಗೆ?

ಕಲಬುರಗಿಯಿಂದ ಹೋಗಿ ಮಗಳನ್ನು ಅಲ್ಲಿನ ಶಾಲೆಗೆ ಸೇರಿಸಬೇಕು, ಅಲ್ವಾ? ಸಿಬ್ಬಂದಿ ಸಿಕ್ಕ ಕೂಡಲೇ 'ಬೋಂಜೂರ್ ಮದಾಮ್' ಅನ್ನಿ, ಗಂಡಸಾದರೆ 'ಮಸ್ಯೋ'. ಇದನ್ನು ಬಿಡಲೇಬೇಡಿ. ನಮ್ಮಲ್ಲಿ 'ಆಫೀಸ್ ಎಲ್ಲದರಿ?' ಅಂತ ನೇರವಾಗಿ ಕೇಳಿದರೂ ನಡೆಯುತ್ತದೆ. ಅಲ್ಲಿ ನಮಸ್ಕಾರ ಹೇಳದೆ ಕೇಳಿದರೆ ಒರಟು ಅನ್ನಿಸುತ್ತದೆ. ಆಮೇಲೆ, 'ಊ ಎ ಲ ಸೆಕ್ರೆತಾರಿಯಾ, ಸಿಲ್ ವು ಪ್ಲೇ?' ಅಂದರೆ, ಆಫೀಸು ಎಲ್ಲಿದೆ, ದಯವಿಟ್ಟು ಹೇಳಿ.

ಮಗಳದ್ದು 'ಕೊಲೇಜ್', ಅಂದರೆ 11ರಿಂದ 15 ವರ್ಷದವರ ಶಾಲೆಯಾದರೆ, ತಡವಾದಾಗ, ಗೈರಾದಾಗ 'ವೀ ಸ್ಕೊಲೇರ್', ಅಂದರೆ ಹಾಜರಿ ನೋಡಿಕೊಳ್ಳುವ ಕಚೇರಿ, ಎಲ್ಲಿದೆ ಅಂತ ಕೇಳಿ.

ಉತ್ತರವನ್ನು ಗಮನವಿಟ್ಟು ಕೇಳಿ. 'ಆ ಗೋಶ್' ಎಡಕ್ಕೆ, 'ಆ ದ್ರ್ವಾತ್' ಬಲಕ್ಕೆ, 'ತು ದ್ರ್ವಾ' ನೇರಕ್ಕೆ. ಹೊಸಬರು ಜಾಸ್ತಿ ತಪ್ಪುವುದು ಇಲ್ಲೇ: ಕೊನೆಗೆ 'ತ್' ಕೇಳಿಸಿದರೆ ಮಾತ್ರ ಬಲಕ್ಕೆ ತಿರುಗಿ. ಮಾತು ವೇಗವಾಯಿತೇ? 'ಪ್ಲ್ಯು ಲಾಂತ್‌ಮಾಂ, ಸಿಲ್ ವು ಪ್ಲೇ' ಅನ್ನಿ, ನಿಧಾನವಾಗಿ ಹೇಳುತ್ತಾರೆ.