ಮಳೆ ಜೋರಾದ ರಾತ್ರಿ ನಿದ್ದೆ ಬಾರದಿದ್ದರೆ

ಪ್ರಶ್ನೆ: ಸಾಗರದ ಕಡೆಯ ಅಡಿಕೆ ಬೆಳೆಗಾರ ನಾನು, ವಯಸ್ಸು 46. ಹೋದ ವರ್ಷ ಕೊಳೆರೋಗಕ್ಕೆ ಅರ್ಧ ಫಸಲು ಉದುರಿತು. ಈಗ ರಾತ್ರಿ ಹೆಂಚಿನ ಮೇಲೆ ಮಳೆ ಜೋರಾದರೆ ಎದ್ದು ಕೂರುತ್ತೇನೆ. ಮೊಬೈಲಿನಲ್ಲಿ ಹವಾಮಾನ, ಅಡಿಕೆ ಧಾರಣೆ ನೋಡುತ್ತಲೇ ಇರುತ್ತೇನೆ. 'ಮಳೆ ನಿಮ್ಮ ಕೈಲಿದೆಯಾ, ಬಿಟ್ಟುಬಿಡಿ' ಎನ್ನುವ ಹೆಂಡತಿಯ ಮೇಲೆ ರೇಗುತ್ತೇನೆ. ಹೇಗೆ ಬಿಡುವುದು?

ಉತ್ತರ: ಅರ್ಧ ಫಸಲು ಕಣ್ಣೆದುರೇ ಉದುರಿದ್ದನ್ನು ಕಂಡ ಮನಸ್ಸು ಒಂದು ಮಾತಿಗೆ ಬಿಡುವುದಿಲ್ಲ. ನಿಮ್ಮ ಹೆದರಿಕೆಗೆ ಕಾರಣವಿದೆ. ಆದರೆ ರಾತ್ರಿ ಎರಡು ಗಂಟೆಗೆ ಅದು ಎರಡು ಪ್ರಶ್ನೆಗಳನ್ನು ಕಲಸಿ ಕೇಳುತ್ತದೆ. ಮಳೆ ನಿಲ್ಲುತ್ತದೆಯೇ? ನಾನು ಮಾಡಬೇಕಾದದ್ದನ್ನು ಮಾಡಿದ್ದೇನೆಯೇ? ಮೊದಲನೆಯದಕ್ಕೆ ಉತ್ತರ ಯಾರಲ್ಲೂ ಇಲ್ಲ. ಎರಡನೆಯದಕ್ಕೆ ಹಗಲಲ್ಲೇ ಉತ್ತರ ಬರೆದಿಡಬಹುದು.

ಒಂದು ನೋಟ್‌ಬುಕ್ ಇಡಿ. ಕೊಳೆರೋಗ ತಡೆಯಲು ಮೊದಲ ಮದ್ದು (ಬೋರ್ಡೋ ದ್ರಾವಣ) ಹೊಡೆದ ತಾರೀಖು, ಅಲ್ಲಿಂದ 40–45 ದಿನಕ್ಕೆ ಎರಡನೆಯದರ ತಾರೀಖು. ಜೂನ್ ಮೊದಲ ವಾರ ಹೊಡೆದಿದ್ದರೆ ಎರಡನೆಯದು ಪುನರ್ವಸು ಮಳೆಯ ನಡುವೆ ಬೀಳುತ್ತದೆ. ಮಳೆ ಬಿಟ್ಟು ಹೊಳವಾದ ದಿನ ಸಿಕ್ಕಾಗ ಪರದಾಡದಂತೆ, ಮರ ಹತ್ತಿ ಮದ್ದು ಹೊಡೆಯುವ ಕೊನೆಗೌಡರಿಗೆ ಈಗಲೇ ಹೇಳಿಡಿ. ಬೋರ್ಡೋ ತಯಾರಿಸಿದ್ದು ಸರಿಯಾಗಿತ್ತೇ ಎಂಬುದನ್ನೂ ಬರೆಯಿರಿ: 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿದದ್ದು. ಉಜ್ಜಿ ಹೊಳೆಯುವಂತೆ ಮಾಡಿದ ಕತ್ತಿಯ ಅಲಗನ್ನು ಅದ್ದಿ ತೆಗೆದಾಗ ಕೆಂಪು ಹತ್ತಿದರೆ ಸುಣ್ಣ ಸಾಲದು, ಇನ್ನಷ್ಟು ಹಾಕಬೇಕು. ತಯಾರಿಸಿದ ದಿನವೇ ಹೊಡೆದು ಮುಗಿಸಬೇಕು. ಹವಾಮಾನ ಆಧಾರಿತ ಬೆಳೆ ವಿಮೆಯ ಕಂತು ಕಟ್ಟಿದ ರಸೀದಿಯನ್ನೂ ಅದೇ ಪುಟಕ್ಕೆ ಅಂಟಿಸಿ. ತಡೆಯಲಾಗದ ಮಳೆಗೆಂದೇ ಇರುವ ವ್ಯವಸ್ಥೆ ಅದು.

ತೋಟದಲ್ಲಿ ಹತ್ತು ಮರಗಳಿಗೆ ಗುರುತು ಹಾಕಿ, ದಿನ ಬಿಟ್ಟು ದಿನ ಬೆಳಿಗ್ಗೆ ಅವುಗಳ ಬುಡ ನೋಡಿ. ಉದುರಿದ ಕಾಯಿಯ ತೊಟ್ಟಿನ ಬಳಿ ನೀರು ಹೀರಿದಂಥ ಕಡು ಹಸಿರು ಕಲೆ, ಮೈಮೇಲೆ ಬಿಳಿ ಬೂಷ್ಟು ಕಂಡರೆ ಅದು ಕೊಳೆ. ಆಗ ಮಾಡುವ ಕೆಲಸವೂ ಇದೆ: ಬಿದ್ದದ್ದನ್ನೆಲ್ಲ ಹೆಕ್ಕಿ ತೋಟದಿಂದ ಹೊರಗೆ ಸುಡುವುದು, ಮಳೆ ಬಿಟ್ಟ ಮೊದಲ ಗಳಿಗೆಯಲ್ಲಿ ಮತ್ತೆ ಮದ್ದು.

ಇನ್ನು ಮೊಬೈಲು. ನೋಡಿದ ತಕ್ಷಣ ಒಂದಿಷ್ಟು ಸಮಾಧಾನ ಸಿಗುತ್ತದೆ, ಅದಕ್ಕೇ ಕೈ ಮತ್ತೆ ಹೋಗುತ್ತದೆ; ಪ್ರತಿ ಸಲವೂ ಸಮಾಧಾನದ ಆಯುಷ್ಯ ಕಡಿಮೆಯಾಗುತ್ತ ಬರುತ್ತದೆ. ಹವಾಮಾನ ಇಲಾಖೆಯ ಕೃಷಿ ಸಲಹೆ ವಾರಕ್ಕೆರಡು ಸಲ, ಮಂಗಳವಾರ ಮತ್ತು ಶುಕ್ರವಾರ ಬರುತ್ತದೆ, ಮದ್ದಿನ ದಿನ ಗೊತ್ತುಮಾಡಲು ಅದು ಸಾಕು. ಉಳಿದ ದಿನ ಹವಾಮಾನ ನೋಡುವುದು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ಮಾರಲು ಹಳೆ ಅಡಿಕೆ ಇಲ್ಲದಿದ್ದರೆ ಧಾರಣೆಯನ್ನು ವಾರಕ್ಕೊಮ್ಮೆಗಿಂತ ಹೆಚ್ಚು ನೋಡಬೇಡಿ. ಮೊಬೈಲು ಮಲಗುವ ಕೋಣೆಯಲ್ಲಿರದಿರಲಿ.

ಚಿಂತೆಗೂ ಒಂದು ಹೊತ್ತು ಕೊಡಿ: ಸಂಜೆ ಆರೂವರೆಯಿಂದ ಹದಿನೈದು ನಿಮಿಷ, ಜಗಲಿಯಲ್ಲಿ ಕೂತು. ತಲೆಯಲ್ಲಿರುವುದನ್ನೆಲ್ಲ ಬರೆಯಿರಿ. ಪ್ರತಿ ಸಾಲಿನ ಮುಂದೆ 'ನಾಳೆ ಇದಕ್ಕೆ ಏನಾದರೂ ಮಾಡಬಹುದೇ' ಎಂದು ಕೇಳಿಕೊಳ್ಳಿ. ಆಗುವುದಾದರೆ ಯಾವಾಗ, ಯಾರು ಎಂದು ಬರೆಯಿರಿ. ಆಗದಿದ್ದರೆ ಗೀಟು ಎಳೆಯಿರಿ. ರಾತ್ರಿ ಅದೇ ಚಿಂತೆ ಬಂದರೆ ಓಡಿಸಲು ಹೋಗಬೇಡಿ, ಒತ್ತಿದಷ್ಟೂ ಪುಟಿಯುತ್ತದೆ. 'ನಾಳೆ ಆರೂವರೆಗೆ' ಎಂದು ಮುಂದೂಡಿ. ಇಪ್ಪತ್ತು ನಿಮಿಷವಾದರೂ ನಿದ್ದೆ ಬಾರದಿದ್ದರೆ ಹಾಸಿಗೆ ಬಿಟ್ಟು ಮಂದ ಬೆಳಕಲ್ಲಿ ಕೂತು, ತೂಕಡಿಕೆ ಬಂದಾಗ ಮರಳಿ.

ಮೊದಲ ವಾರ ಇದು ಕೆಲಸ ಮಾಡುತ್ತಿಲ್ಲ ಅನ್ನಿಸುತ್ತದೆ. ಎಷ್ಟೋ ಜನ ಅಲ್ಲಿಗೇ ನಿಲ್ಲಿಸುತ್ತಾರೆ. ಇಲ್ಲವೇ ಹದಿನೈದು ನಿಮಿಷ ಹೋಗಿ ಒಂದು ಗಂಟೆಯಾಗುತ್ತದೆ, ಊಟದ ನಂತರಕ್ಕೆ ಜಾರುತ್ತದೆ. ಗಡಿಯಾರದಲ್ಲಿ ಅಲಾರಾಂ ಇಟ್ಟುಕೊಂಡು, ಕನಿಷ್ಠ ಮೂರು ವಾರ ಮಾಡಿ ನೋಡಿ.

ಹೆಂಡತಿಗೆ ಈ ಪುಟ ತೋರಿಸಿ. 'ಬಿಟ್ಟುಬಿಡಿ' ಅನ್ನುವ ಬದಲು 'ಬರೆದಿಟ್ಟಿದ್ದೀರಾ?' ಎಂದು ಕೇಳಲು ಹೇಳಿ. ಅವರೂ ಅದೇ ಮಳೆ ಕೇಳುತ್ತ ಮಲಗಿದ್ದಾರೆ. ರೇಗಿದ್ದಕ್ಕೆ ಒಂದು ಮಾತು ಅವರಿಗೆ ಬಾಕಿ ಇದೆ.

ಎರಡು ವಾರ ಮೀರಿ ನಿದ್ದೆ, ಹಸಿವು ಎರಡೂ ಕೆಟ್ಟರೆ, ಇಲ್ಲವೇ ಯಾವಾಗಲಾದರೂ ಬದುಕು ಸಾಕೆನಿಸಿದರೆ ಕಾಯಬೇಡಿ. 14416ಕ್ಕೆ ಕರೆ ಮಾಡಿ. ಇದು ಟೆಲಿ ಮಾನಸ್, ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ. ಅಂಥ ಯೋಚನೆ ಒಮ್ಮೆ ಬಂದಿದ್ದರೂ ಕೊಟ್ಟಿಗೆಯಲ್ಲಿರುವ ವಿಷದ ಡಬ್ಬಿಗಳನ್ನು ಇವತ್ತೇ ಪಕ್ಕದ ಮನೆಗೆ ಸಾಗಿಸಿ, ಕಾರಣವನ್ನು ಹೆಂಡತಿಗೂ ಹೇಳಿ.