ಗೆಕ್ಕೊಗೆ ತೋಟದ ಹುಳ ಬೇಡ

ನಿಮ್ಮ ಸಾಕು ಹಲ್ಲಿ ಲೆಪರ್ಡ್ ಗೆಕ್ಕೊಗೆ ಮೀಲ್‌ವರ್ಮ್ (ಒಂದು ಜಾತಿ ದುಂಬಿಯ ಮರಿಹುಳ) ಒಂದೇ ಸಾಕಾ, ಇಲ್ಲ ಉಡುಪಿಯ ಮನೆ ತೋಟದ ಹುಳ ಹಿಡಿದು ಹಾಕಬಹುದಾ ಅಂತ ಕೇಳಿದ್ದೀರಿ. ತೋಟದ್ದು ದಯವಿಟ್ಟು ಬೇಡ. ಗಿಡಕ್ಕೆ ಹೊಡೆದ ಔಷಧಿ ಹುಳದ ಮೈಯಲ್ಲಿರಬಹುದು. ಅದರಲ್ಲೂ ಮಳೆ ಶುರುವಾಗುವಾಗ ಹಾರಾಡುವ ಮಿಂಚುಹುಳ ಗೆಕ್ಕೊ ಬಾಯಿಗೆ ಸಿಗಲೇಬಾರದು. ಕೆಲವು ಜಾತಿಯವು ಒಂದೇ ತಿಂದರೂ ಸಾಯಬಹುದು ಎನ್ನುವಷ್ಟು ವಿಷ.

ಮೀಲ್‌ವರ್ಮ್ ಹಾಕಿ, ಆದರೆ ಕ್ರಿಕೆಟ್ ಹುಳ (ಮಿಡತೆಯಂಥದ್ದು), ಆಹಾರಕ್ಕೆಂದೇ ಸಾಕುವ ಡೂಬಿಯಾ ಜಿರಳೆಯೂ ಇರಲಿ. ಹುಳ ಗೆಕ್ಕೊದ ಎರಡು ಕಣ್ಣಿನ ನಡುವಿನ ಅಗಲಕ್ಕಿಂತ ದಪ್ಪ ಬೇಡ. ಹಿಂದಿನ ದಿನವೇ ಹುಳಕ್ಕೆ ಕ್ಯಾರೆಟ್, ಸೊಪ್ಪು ತಿನ್ನಿಸಿ. ಕೊಡುವ ಮುಂಚೆ ಡಬ್ಬಿಯಲ್ಲಿ ಕ್ಯಾಲ್ಸಿಯಂ ಪುಡಿ ಜೊತೆ ಕುಲುಕಿ, ಮೈ ತೆಳ್ಳಗೆ ಬೆಳ್ಳಗಾದರೆ ಸಾಕು. ಉಳಿದ ಕ್ರಿಕೆಟ್ ಹೊರಗೆ ತೆಗೆಯಿರಿ, ರಾತ್ರಿ ಗೆಕ್ಕೊವನ್ನೇ ಕಚ್ಚುತ್ತವೆ. ನಮ್ಮ ಮಳೆಗಾಲದಲ್ಲಿ ಮೀಲ್‌ವರ್ಮ್ ಡಬ್ಬಿಯ ತೌಡು ಬೇಗ ಬೂಸ್ಟು ಹಿಡಿಯುತ್ತದೆ, ಆಗಾಗ ಬದಲಿಸಿ.